ಸಾಬರಮತಿಯಿಂದ ಉಕಾಯಿಗೆ - ಹತ್ತಿಕಟ್ಟಿಗೆಯ ಜಾಡಿನಲ್ಲಿ



ಅಹಮದಾಬಾದಿನಿಂದ ಸೂರತ್‌ಗೆ ರೈಲಿನಲ್ಲಿ ಸುಮಾರು 230 ಕಿಲೋಮೀಟರ್. ಈ ದಾರಿಯಲ್ಲಿ ನೀವು ಎಷ್ಟು ಸಲ ಓಡಾಡಿದ್ದೀರೋ ನಿಮಗೇ ಲೆಕ್ಕವಿರಲಾರದು. ಬೇಸಿಗೆ ರಜೆಗೆ ಊರಿಗೆ ಹೋಗಲು ಮುಂಬಯಿ ಗಾಡಿ ಹಿಡಿದರೂ ಇದೇ ದಾರಿ, ವಡೋದರದ ಅತ್ತೆಯ ಮನೆಗೆ ಹೋದರೂ ಇದೇ ದಾರಿ. ಆದರೆ ಕಿಟಕಿಯ ಹೊರಗೆ ಏನಿದೆ ಎಂದು ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರು ಆಣಂದದ ಅಮುಲ್ ಡೇರಿ, ಭರೂಚಿನ ನರ್ಮದಾ ಸೇತುವೆ ಎಂದು ಎರಡು ಹೆಸರು ಹೇಳಿ ನಿಲ್ಲಿಸುತ್ತೀರಿ. ತಪ್ಪು ನಿಮ್ಮದಲ್ಲ. ನಾವು ದೊಡ್ಡವರೂ ನಿಮಗೆ ಊರಿನ ತುಂಗೆ, ಕಾವೇರಿಯ ಕಥೆ ಹೇಳಿದಷ್ಟು, ನೀವು ಹುಟ್ಟಿ ಬೆಳೆದ ಈ ಮಣ್ಣಿನ ಕಥೆ ಹೇಳಲಿಲ್ಲ.

ಸಂಪಾದಕರು ಪ್ರವಾಸ ಲೇಖನ ಕೇಳಿದಾಗ ದ್ವಾರಕೆ, ಸೋಮನಾಥ, ಗಿರ್ ಸಿಂಹಗಳೆಲ್ಲ ಹಿಂದಿನ ಸಂಚಿಕೆಗಳಲ್ಲಿ ಬಂದಾಗಿವೆ ಎಂಬುದು ನೆನಪಾಯಿತು. ಆದ್ದರಿಂದ ನಾನು ನಿಮ್ಮನ್ನು ಕರೆದೊಯ್ಯುವುದು ದೇವಸ್ಥಾನಕ್ಕಲ್ಲ, ಚಿಮಣಿಗಳ ಕಡೆಗೆ. ಕಲ್ಲಿದ್ದಲಿನಿಂದ ವಿದ್ಯುತ್ ತಯಾರಿಸುವ ಕೇಂದ್ರಗಳು, ಮತ್ತು ಅವುಗಳ ಒಲೆಗೆ ಹಾಕಬಹುದಾದ ಇನ್ನೊಂದು ಸೌದೆ - ಇವೆರಡೂ ಈ ದಾರಿಯುದ್ದಕ್ಕೂ ಇವೆ. ಬಿ.ಎ. ಇಂಗ್ಲಿಷ್ ಓದಿ ಮೂವತ್ತು ವರ್ಷ ಅಡುಗೆಮನೆ ನಡೆಸಿದವಳಿಗೆ ವಿದ್ಯುತ್ ಕೇಂದ್ರದ ಉಸಾಬರಿ ಏಕೆ ಎನ್ನುತ್ತೀರಾ? ಒಲೆ, ಸೌದೆ, ಹೊಗೆ ಇವು ನನಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತಿರಬೇಕು, ನೀವೇ ಹೇಳಿ!

ಮೊದಲನೆಯ ಚಿಮಣಿ ನಮ್ಮ ಅಹಮದಾಬಾದಿನಲ್ಲೇ ಇದೆ. ಸಾಬರಮತಿ ಆಶ್ರಮಕ್ಕೆ ನೆಂಟರನ್ನು ಕರೆದುಕೊಂಡು ಹೋದಾಗ ಗಾಂಧೀಜಿಯ ಹೃದಯಕುಂಜ, ಚರಕ ಎಲ್ಲ ತೋರಿಸುತ್ತೇವೆ. ಅಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲೇ ಸಾಬರಮತಿ ವಿದ್ಯುತ್ ಕೇಂದ್ರವಿದೆ. ಅದನ್ನು ಯಾರೂ ತೋರಿಸುವುದಿಲ್ಲ. 1913ರಲ್ಲಿ ಆರಂಭವಾದ ಅಹಮದಾಬಾದ್ ಇಲೆಕ್ಟ್ರಿಸಿಟಿ ಕಂಪನಿಯು 1930ರ ದಶಕದಲ್ಲಿ ನದಿಯ ದಂಡೆಯ ಮೇಲೆ ಈ ಪವರ್ ಹೌಸ್ ಕಟ್ಟಿತು. ಬಟ್ಟೆ ಗಿರಣಿಗಳ ಆ ಕಾಲದ ಯಂತ್ರಗಳು ಹೋಗಿ ಎಷ್ಟೋ ಸಲ ಹೊಸವು ಬಂದವು, ಕಂಪನಿಯೂ ಟೊರೆಂಟ್ ಪವರ್‌ಗೆ ಸೇರಿತು. ಈಗಿನ ಕಲ್ಲಿದ್ದಲು ಘಟಕಗಳು ಒಟ್ಟು 362 ಮೆಗಾವ್ಯಾಟಿನವು. ಊರು ಬೆಳೆದು ಬೆಳೆದು ಕೇಂದ್ರವನ್ನು ಸುತ್ತುವರಿದಿದೆ. ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಯ ಆಚೆ ಚಿಮಣಿ ಕಾಣುವ ಮನೆಗಳು ಎಷ್ಟಿಲ್ಲ!

ನಮ್ಮಕ್ಕನ ಮಗ ವಡೋದರದಲ್ಲಿ ಇಂಜಿನಿಯರು. ಬಾಯ್ಲರುಗಳ ಜೊತೆಯೇ ಅವನ ಸಂಸಾರ. ಕಳೆದ ವರ್ಷ ಫೆಬ್ರವರಿಯಲ್ಲಿ ಅವನ ಮನೆಯ ಗೃಹಪ್ರವೇಶಕ್ಕೆ ಹೋದಾಗ ನಾನು ಸಹಜವಾಗಿ, "ಏನಪ್ಪಾ, ಈ ಕರೆಂಟಿನಿಂದ ಎಷ್ಟು ಹೊಗೆಯಾಗುತ್ತದೆ?" ಎಂದು ಕೇಳಿದೆ. "ಚಿಕ್ಕಮ್ಮ, ಒಂದು ಲೆಕ್ಕ ನೆನಪಿಟ್ಟುಕೊಳ್ಳಿ, ಸಾಕು. ಕಲ್ಲಿದ್ದಲಿನ ಒಂದು ಯೂನಿಟ್‌ಗೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್" ಎಂದ. ನಮ್ಮ ಮನೆಯ ಬಿಲ್ಲು ತಿಂಗಳಿಗೆ 250 ಯೂನಿಟ್. ಅದೆಲ್ಲ ಕಲ್ಲಿದ್ದಲಿನಿಂದಲೇ ಬಂತು ಎಂದಿಟ್ಟುಕೊಂಡರೆ 250 ಕಿಲೋ! ಅಕ್ಕಿ ಮೂಟೆಯ ಲೆಕ್ಕದಲ್ಲಿ ಹತ್ತು ಮೂಟೆ. ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ಹತ್ತು ಮೂಟೆ ಪ್ರತಿ ತಿಂಗಳೂ ಆಕಾಶಕ್ಕೆ ಏರುತ್ತದೆ ಎಂದರೆ ಯಾರಿಗಾದರೂ ಗಾಬರಿಯಾಗಬೇಡವೇ?

ಇಲ್ಲಿ ಒಂದು ಪ್ರಶ್ನೆ ನಿಮಗೆ ಹುಟ್ಟಬೇಕು. ಹತ್ತಿಕಟ್ಟಿಗೆ ಸುಟ್ಟರೂ ಅದೇ ಇಂಗಾಲದ ಡೈಆಕ್ಸೈಡ್ ಬರುತ್ತದಲ್ಲ, ಮತ್ತೇನು ಲಾಭ? ಬರುವುದೇನೋ ನಿಜ. ಆದರೆ ಹತ್ತಿಗಿಡ ಆ ಇಂಗಾಲವನ್ನು ಹಿಂದಿನ ಮಳೆಗಾಲದಲ್ಲಿ ಗಾಳಿಯಿಂದಲೇ ತೆಗೆದುಕೊಂಡಿತ್ತು. ಹೊಲದಲ್ಲಿ ಕೊಳೆತರೂ, ಬೆಂಕಿಯಿಟ್ಟರೂ ಅದು ಗಾಳಿಗೇ ಹಿಂದಿರುಗುತ್ತದೆ; ಮುಂದಿನ ವರ್ಷದ ಗಿಡ ಮತ್ತೆ ಹೀರಿಕೊಳ್ಳುತ್ತದೆ. ಇದು ಕೈಸಾಲವಿದ್ದಂತೆ, ವರ್ಷದೊಳಗೆ ತೀರಿಹೋಗುತ್ತದೆ. ಕಲ್ಲಿದ್ದಲಿನ ಇಂಗಾಲವೋ, ಸುಮಾರು 25-30 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗೆ ಹೂತುಹೋದದ್ದು. ಅದನ್ನು ಅಗೆದು ಸುಟ್ಟರೆ ಗಾಳಿಯ ಖಾತೆಗೆ ಹೊಸದಾಗಿ ಸೇರಿದಂತೆ. ಆದ್ದರಿಂದಲೇ ಬಾಯ್ಲರಿಗೆ ಹಾಕುವ ಕಲ್ಲಿದ್ದಲಿನಲ್ಲಿ ಸ್ವಲ್ಪ ಭಾಗ ತೆಗೆದು ಅಷ್ಟೇ ಶಾಖ ಕೊಡುವ ಬೆಳೆಯ ಉಳಿಕೆ ಸೇರಿಸಿ ಎನ್ನುವುದು. ಬಾಯ್ಲರು ಅದೇ, ಟರ್ಬೈನು ಅದೇ, ತಂತಿಯೂ ಅದೇ. ಆದರೆ ಕಾಡಿನ ಮರ ಕಡಿದು ತಂದು ಸುಟ್ಟರೆ ಈ ಲೆಕ್ಕ ನಡೆಯುವುದಿಲ್ಲ, ಮರ ಬೆಳೆಯಲು ಹತ್ತಾರು ವರ್ಷ ಬೇಕು. ಇದನ್ನು ಯಾರಾದರೂ ಮರೆಸಲು ಬಂದರೆ ನೀವು ಮರೆಯಬೇಡಿ.

ದಾರಿಗೆ ಬರೋಣ. ಗಾಡಿ ಮಣಿನಗರ ದಾಟಿ, ಮೆಹಮದಾಬಾದ್ ದಾಟಿ ನಡಿಯಾದ್ ಬಂದರೆ ಚರೋತರ್ ಪ್ರದೇಶ. ತಂಬಾಕಿನ ಹೊಲಗಳು, ಬಾಳೆಯ ತೋಟಗಳು. ಆಣಂದದಲ್ಲಿ ಇಳಿದರೆ ಪಕ್ಕದಲ್ಲೇ ವಲ್ಲಭ ವಿದ್ಯಾನಗರ. ನಮ್ಮ ಸಂಘದ ಎಷ್ಟೋ ಮಕ್ಕಳು ಅಲ್ಲಿ ಇಂಜಿನಿಯರಿಂಗ್ ಓದಿದ್ದಾರೆ. ಆದರೆ ಅದೇ ಊರಿನಲ್ಲಿ 1979ರಿಂದ ಸರ್ದಾರ್ ಪಟೇಲ್ ನವೀಕರಿಸಬಹುದಾದ ಇಂಧನ ಸಂಶೋಧನಾ ಸಂಸ್ಥೆ ಇದೆ ಎಂದು ಅವರಲ್ಲಿ ಎಷ್ಟು ಜನ ಹೇಳಿಯಾರು? ಸಗಣಿ ಅನಿಲ, ಸೂರ್ಯಶಾಖ, ಬೆಳೆಯ ಉಳಿಕೆಯಿಂದ ಇಂಧನ - ಇವೇ ಅದರ ಕೆಲಸ. ಸದ್ದುಗದ್ದಲವಿಲ್ಲದೆ ಇಂಥ ಸಂಸ್ಥೆಗಳು ಮಾಡಿದ ಕೆಲಸದ ಮೇಲೆ ಗುಜರಾತಿನ ಒಂದು ದೊಡ್ಡ ವ್ಯಾಪಾರ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ. ಆ ವ್ಯಾಪಾರದ ವಿಷಯ ಸೂರತ್ತಿನಲ್ಲಿ ಹೇಳುತ್ತೇನೆ.

ವಡೋದರದಲ್ಲಿ ಅಕ್ಕನ ಮಗ ಎರಡು ಪೊಟ್ಟಣ ಮೇಜಿನ ಮೇಲಿಟ್ಟ. ಒಂದರಲ್ಲಿ ಬಿಸ್ಕತ್ತಿನ ಬಣ್ಣದ ತುಂಡುಗಳು, ಬೆರಳಿನ ಗೆಣ್ಣಿನಷ್ಟು ಉದ್ದ. ಹತ್ತಿಕಟ್ಟಿಗೆಯನ್ನು ಪುಡಿಮಾಡಿ, ಒತ್ತಿ ಮಾಡಿದ ಪೆಲೆಟ್. ಇನ್ನೊಂದರಲ್ಲಿ ಅದೇ ಆಕಾರದ, ಕಾಫಿಪುಡಿಯ ಬಣ್ಣದ ತುಂಡುಗಳು. "ಎರಡೂ ಒಂದೇ ಕಟ್ಟಿಗೆ, ಚಿಕ್ಕಮ್ಮ. ಎರಡನೆಯದು ಹುರಿದದ್ದು" ಎಂದ. ಹುರಿದದ್ದು! ನನಗೆ ಕೂಡಲೇ ಆಸಕ್ತಿ ಹುಟ್ಟಿತು. ಈ ಕ್ರಮಕ್ಕೆ ಅವರು ಟೊರಿಫ್ಯಾಕ್ಷನ್ ಎನ್ನುತ್ತಾರೆ. ಫ್ರೆಂಚರು ಕಾಫಿಬೀಜ ಹುರಿಯುವುದಕ್ಕೆ ಬಳಸುವ ಶಬ್ದವೇ ಇದು. ಭೂಗೋಳದಲ್ಲಿ ನೀವು ಓದಿದ ಟಾರಿಡ್ ಝೋನ್ ಇದರ ದಾಯಾದಿ. (ಓದಿದ ಇಂಗ್ಲಿಷ್ ಸಾಹಿತ್ಯ ಒಮ್ಮೊಮ್ಮೆ ಹೀಗೆ ಉಪಯೋಗಕ್ಕೆ ಬರುತ್ತದೆ!)

ಏಕೆ ಹುರಿಯಬೇಕು ಎಂಬುದನ್ನು ನಿಮ್ಮ ಅಮ್ಮ ಸಾರಿನ ಪುಡಿ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿದ್ದರೆ ವಿವರಿಸುವ ಅಗತ್ಯವೇ ಇಲ್ಲ. ಮಳೆಗಾಲದಲ್ಲಿ ತೇವ ಎಳೆದುಕೊಂಡ ಒಣಮೆಣಸಿನಕಾಯಿಯನ್ನು ಹಾಗೇ ಮಿಕ್ಸಿಗೆ ಹಾಕಿ ನೋಡಿ. ತೊಗಲಿನಂತೆ ಸುತ್ತಿಕೊಳ್ಳುತ್ತದೆಯೇ ಹೊರತು ಪುಡಿಯಾಗದು. ಅದನ್ನೇ ಸಣ್ಣ ಉರಿಯಲ್ಲಿ ಗರಿಗರಿಯಾಗಿ ಹುರಿದರೆ ಮುಟ್ಟಿದರೆ ಮುರಿಯುತ್ತದೆ. ವಿದ್ಯುತ್ ಕೇಂದ್ರದ ತೊಂದರೆಯೂ ಇದೇ. ಅಲ್ಲಿ ಕಲ್ಲಿದ್ದಲನ್ನು ಗಡ್ಡೆಗಡ್ಡೆಯಾಗಿ ಸುಡುವುದಿಲ್ಲ. ದೊಡ್ಡ ಗಿರಣಿಗಳಲ್ಲಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಬೀಸಿ, ಬಿಸಿಗಾಳಿಯ ಜೊತೆ ಬಾಯ್ಲರಿನೊಳಗೆ ಊದುತ್ತಾರೆ. ಹಸಿ ಕಟ್ಟಿಗೆಯಲ್ಲಿ ನಾರಿದೆ, ಅದು ಆ ಗಿರಣಿಯಲ್ಲಿ ನುಣ್ಣಗಾಗುವುದಿಲ್ಲ. ಮೇಲಾಗಿ ಅದರಲ್ಲಿ ಬೇಗ ಹೊತ್ತಿಕೊಳ್ಳುವ ಅನಿಲಾಂಶ ಹೆಚ್ಚು. ಬಿಸಿಗಾಳಿಯಲ್ಲಿ ಗಿರಣಿಯೊಳಗೇ ಬೆಂಕಿ ಹಿಡಿಯುವ ಭಯ.

ಹುರಿಯುವ ಕ್ರಮ ಹೀಗೆ: ಗಾಳಿಯಾಡದ ಉರುಳೆಯಲ್ಲಿ ಕಟ್ಟಿಗೆಯನ್ನು 200ರಿಂದ 300 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಇಡುತ್ತಾರೆ. ಗಾಳಿ ಸಿಕ್ಕಿದರೆ ಹೊತ್ತಿಕೊಂಡು ಬೂದಿಯಾಗಿಬಿಡುತ್ತದೆ. ಗಾಳಿಯಿಲ್ಲದ್ದರಿಂದ ನೀರು ಹೋಗುತ್ತದೆ, ನಾರನ್ನು ಹಿಡಿದಿಟ್ಟಿರುವ ಅಂಶ ಒಡೆಯುತ್ತದೆ, ಹಗುರ ಅನಿಲಗಳು ಹೊರಬರುತ್ತವೆ. ಆ ಅನಿಲವನ್ನೇ ಸುಟ್ಟು ಹುರಿಯುವ ಶಾಖ ಪಡೆಯಬಹುದು. ತೂಕದಲ್ಲಿ ನೂರಕ್ಕೆ ಮೂವತ್ತು ಭಾಗದಷ್ಟು ಹೋದರೂ, ಶಾಖದ ಶಕ್ತಿಯಲ್ಲಿ ಹೋಗುವುದು ಸುಮಾರು ಹತ್ತು ಭಾಗ. ಸಂಪೂರ್ಣ ಇದ್ದಿಲು ಮಾಡಿದರೆ ಇನ್ನೂ ಬಹಳ ಶಕ್ತಿ ಕಳೆದುಹೋಗುತ್ತದೆ. ಹುರಿಯುವುದರಲ್ಲೂ ಹದ ಉಂಟಲ್ಲ! ಹೊಂಬಣ್ಣಕ್ಕೆ ಬಂದಾಗ ಇಳಿಸಬೇಕು, ಸೀಯಿಸಬಾರದು.

ನಾನು ಸುಮ್ಮನೆ ನಂಬುವವಳಲ್ಲ. ಗೃಹಪ್ರವೇಶದ ಮನೆ, ಅಡುಗೆಯ ಸಾಮಾನಿಗೆ ಕೊರತೆಯೇ? ಎರಡು ಲೋಟದಲ್ಲಿ ನೀರು ತೆಗೆದುಕೊಂಡು ಎರಡು ಬಗೆಯನ್ನೂ ಹಾಕಿದೆ. ಊಟ ಮುಗಿಯುವಷ್ಟರಲ್ಲಿ ಹಸಿಯದು ಉಬ್ಬಿ, ಬಿರಿದು, ನೆನೆದ ಬೂಸದಂತಾಗಿತ್ತು. ಹುರಿದದ್ದು ಹಾಗೇ ಕುಳಿತಿತ್ತು. ಆಮೇಲೆ ಕಲ್ಲಿನ ಕುಟ್ಟಾಣಿಯಲ್ಲಿ ಕುಟ್ಟಿದೆ. ಹಸಿಯದು ಬಿಚ್ಚಿಕೊಂಡು ಒರಟು ಎಳೆಗಳಾಯಿತು. ಹುರಿದದ್ದು ನಾಲ್ಕು ಪೆಟ್ಟಿಗೆ ನುಣ್ಣನೆಯ ಕಂದು ಪುಡಿ. ನಮ್ಮ ಯಜಮಾನರು, "ಇದನ್ನೂ ಡಬ್ಬಿಗೆ ತುಂಬಿಸಿಬಿಡಬೇಡ" ಎಂದು ನಗೆಯಾಡಿದರು. ಆದರೆ ಆ ನೀರಿನ ಲೋಟದ ಪರೀಕ್ಷೆ ಸಣ್ಣದಲ್ಲ. ಕಲ್ಲಿದ್ದಲಿನ ರಾಶಿ ಆಷಾಢದ ಮಳೆಯಲ್ಲೂ ಬಯಲಲ್ಲೇ ಇರುತ್ತದೆ. ಹಸಿ ಪೆಲೆಟ್ಟಿಗಾದರೆ ಸೂರು ಕಟ್ಟಬೇಕು.

ಇನ್ನು ಸರ್ಕಾರದ ಮಾತು. ಉತ್ತರ ಭಾರತದಲ್ಲಿ ಭತ್ತದ ಹುಲ್ಲಿಗೆ ಬೆಂಕಿಯಿಟ್ಟು ದೆಹಲಿಯ ಜನ ಕೆಮ್ಮುವುದು ನಿಮಗೆ ಗೊತ್ತೇ ಇದೆ. ಅಲ್ಲಿನ ದಾದ್ರಿಯ ಎನ್.ಟಿ.ಪಿ.ಸಿ. ಕೇಂದ್ರದಲ್ಲಿ 2017ರಲ್ಲಿ ಪೆಲೆಟ್ ಬೆರೆಸಿ ಸುಡುವ ಪ್ರಯೋಗ ನಡೆಯಿತು. ಅದೇ ವರ್ಷ ಕೇಂದ್ರ ವಿದ್ಯುತ್ ಸಚಿವಾಲಯ ಶೇಕಡಾ 5ರಿಂದ 10 ಬೆರೆಸಿ ಎಂದು ಸಲಹೆ ಕೊಟ್ಟಿತು. 2021ರಲ್ಲಿ ಸಲಹೆ ಕಡ್ಡಾಯವಾಯಿತು, 'ಸಮರ್ಥ್' ಎಂಬ ರಾಷ್ಟ್ರೀಯ ಅಭಿಯಾನವೂ ಹುಟ್ಟಿತು. ಉಕ್ಕಿನ ಗುಂಡುಗಳಿಂದ ಅರೆಯುವ ಗಿರಣಿಗಳಿರುವ ಕೇಂದ್ರಗಳು ಹುರಿದ ಪೆಲೆಟ್ಟನ್ನೇ ಬಳಸಬೇಕು, ಅದರ ಅನಿಲಾಂಶ ಶೇಕಡಾ 22ಕ್ಕಿಂತ ಕಡಿಮೆ ಇರಬೇಕು ಎಂಬುದು ಆ ಆದೇಶದಲ್ಲಿದ್ದ ಮಾತು. ಬೆಂಕಿಯ ಭಯ ಹೇಳಿದೆನಲ್ಲ, ಅದಕ್ಕೇ. 2023ರಲ್ಲಿ ಗಡುವನ್ನು ಸಡಿಲಿಸಿ, 2024-25ರಿಂದ ಶೇಕಡಾ 5, ಮರುವರ್ಷದಿಂದ 7 ಎಂದರು. ಆದೇಶ ಹೊರಡಿಸುವುದು ಸುಲಭ. 2024ರ ಹೊತ್ತಿಗೂ ದೇಶದ ಒಟ್ಟು ಲೆಕ್ಕ ಶೇಕಡಾ 5ರ ಹತ್ತಿರಕ್ಕೆ ಬಂದಿರಲಿಲ್ಲ.

ಏಕೆ ಬರಲಿಲ್ಲ ಎಂಬುದು ಗೊತ್ತಾಗಬೇಕಾದರೆ ವಣಾಕ್ಬೋರಿಗೆ ಹೋಗಬೇಕು. ರೇಸ್‌ಕೋರ್ಸ್ ರಸ್ತೆಯ ವಿದ್ಯುತ್ ಭವನ ನಿಮಗೆ ಗೊತ್ತಿರುತ್ತದೆ, ಗುಜರಾತಿನ ವಿದ್ಯುತ್ತಿನ ಆಡಳಿತವೆಲ್ಲ ಅಲ್ಲಿಂದಲೇ. ವಡೋದರದ ಉತ್ತರಕ್ಕೆ ಮಹೀ ನದಿಯ ದಂಡೆಯ ಮೇಲೆ ವಣಾಕ್ಬೋರಿ ಕೇಂದ್ರವಿದೆ. 1980ರ ದಶಕದಿಂದ ಆರಂಭಿಸಿ 210 ಮೆಗಾವ್ಯಾಟಿನ ಏಳು ಘಟಕಗಳನ್ನು ಒಂದೊಂದಾಗಿ ಕಟ್ಟಿದರು. 2019ರಲ್ಲಿ 800 ಮೆಗಾವ್ಯಾಟಿನ ಎಂಟನೆಯದು ಸೇರಿತು. ನಾವು ಒಳಗೆ ಹೋಗಲಿಲ್ಲ, ಹೊರಗಿನಿಂದ ನೋಡಿದೆವು ಅಷ್ಟೆ. ಬಯಲಿನಲ್ಲಿ ಎದ್ದು ನಿಂತ ಚಿಮಣಿಗಳು, ಕೆಳಗೆ ಹಸಿರು ನೀರು, ದಡದಲ್ಲಿ ಎಮ್ಮೆಗಳು. ಸುಂದರ ಎನ್ನಲೂ ಬಾರದು, ಕುರೂಪ ಎನ್ನಲೂ ಬಾರದು.

ಅಲ್ಲಿ ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತು ನಾನೂ ಅಕ್ಕನ ಮಗನೂ ಹಾಕಿದ ಲೆಕ್ಕ ಇದು. ದೊಡ್ಡ ಘಟಕ ಬಿಡಿ, 210 ಮೆಗಾವ್ಯಾಟಿನ ಒಂದೇ ಘಟಕ ದಿನವಿಡೀ ಪೂರ್ಣ ಓಡಿದರೆ 50 ಲಕ್ಷ ಯೂನಿಟ್. ಯೂನಿಟ್ಟಿಗೆ ಮುಕ್ಕಾಲು ಕಿಲೋಗಿಂತ ಸ್ವಲ್ಪ ಕಡಿಮೆ ಕಲ್ಲಿದ್ದಲು ಎಂದರೆ ದಿನಕ್ಕೆ ಸುಮಾರು 3,500 ಟನ್. ಅದರ ಶೇಕಡಾ 5 ಎಂದರೆ 175 ಟನ್ ಪೆಲೆಟ್. ಹತ್ತು ಟನ್ನಿನ ಲಾರಿಗಳಲ್ಲಿ ಹದಿನೇಳು ಹದಿನೆಂಟು ಲಾರಿ. ಪ್ರತಿ ದಿನ! ಎಕರೆಗೆ ಸುಮಾರು ಒಂದು ಟನ್ ಒಣ ಹತ್ತಿಕಟ್ಟಿಗೆ ಸಿಗುತ್ತದೆ ಎಂದು ಹಿಡಿದರೆ ದಿನಕ್ಕೆ 175 ಎಕರೆ, ವರ್ಷಕ್ಕೆ 64,000 ಎಕರೆ. ಹುರಿದರೆ ತೂಕ ಕಳೆಯುವುದರಿಂದ ಇನ್ನೂ ಹೆಚ್ಚು ಬೇಕು. ಇಷ್ಟೆಲ್ಲ ಮಾಡಿ ಉಳಿಯುವುದು ದಿನಕ್ಕೆ 250 ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್. ಬಿಡುವುದು 5,000 ಟನ್. ಕಟಾವು, ಸಾಗಾಟ, ಲಾರಿಯ ಡೀಸೆಲ್ಲನ್ನು ಕಳೆದರೆ ಉಳಿತಾಯ ಇನ್ನೂ ಕಡಿಮೆ. ನಮ್ಮ ಮನೆಯ ಹತ್ತು ಮೂಟೆಯಲ್ಲಿ ಅರ್ಧ ಮೂಟೆ ಇಳಿದಂತೆ. ಅರ್ಧ ಮೂಟೆ ಅಂದರೆ ಸಣ್ಣದೇ? ನನ್ನ ಮಟ್ಟಿಗೆ ಅಲ್ಲ. ಆದರೆ ಅದನ್ನೇ ಹತ್ತು ಮೂಟೆಯೂ ಇಳಿಯಿತು ಎಂಬಂತೆ ಜಾಹೀರಾತು ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಿಮ್ಮಲ್ಲೊಬ್ಬರು ಕೇಳಬಹುದು: ಬಿಸಿಲಿನ ನಾಡು ಗುಜರಾತು, ಚಾರಣ್ಕಾದಲ್ಲಿ 2012ರಲ್ಲೇ ಅಷ್ಟು ದೊಡ್ಡ ಸೌರ ಪಾರ್ಕು ಆಗಿದೆ, ಈ ಕಟ್ಟಿಗೆಯ ರಗಳೆ ಏಕೆ, ಆಂಟಿ? ಸರಿಯಾದ ಪ್ರಶ್ನೆಯೇ. ಹೊಸದಾಗಿ ಕಟ್ಟುವುದಾದರೆ ಸೂರ್ಯ, ಗಾಳಿಯನ್ನೇ ಹಿಡಿಯಬೇಕು. ಆದರೆ 2019ರಲ್ಲಿ ಕಟ್ಟಿದ ಕಲ್ಲಿದ್ದಲು ಘಟಕವನ್ನು ನಾಳೆ ಬೆಳಿಗ್ಗೆ ಯಾರೂ ಮುಚ್ಚುವುದಿಲ್ಲ, ಸಂಜೆ ಏಳು ಗಂಟೆಗೆ ಎಲ್ಲರ ಮನೆಯ ದೀಪ ಒಟ್ಟಿಗೇ ಹೊತ್ತಿಕೊಳ್ಳುವಾಗ ಅವೇ ಓಡುತ್ತಿರುತ್ತವೆ. ಓಡುವಷ್ಟು ದಿನ ಅವುಗಳ ಒಲೆಗೆ ಏನು ಹಾಕುತ್ತೇವೆ ಎಂಬುದು ನಮ್ಮ ಮುಂದಿರುವ ವಿಷಯ.

ವಡೋದರ ಬಿಟ್ಟು ದಕ್ಷಿಣಕ್ಕೆ ಹೊರಟರೆ ಕರ್ಜಣ್, ಪಾಲೇಜ್, ಭರೂಚ್. ಈ ಕಪ್ಪು ಮಣ್ಣಿನ ಸೀಮೆಗೆ ಕಾನಮ್ ಎನ್ನುತ್ತಾರೆ. ಹತ್ತಿ, ತೊಗರಿ. ನಮ್ಮ ರಾಯಚೂರು, ಕಲಬುರ್ಗಿ ಕಡೆಯವರು ಇಲ್ಲಿ ಇಳಿದರೆ ಊರಿಗೇ ಬಂದೆವೋ ಎಂದುಕೊಳ್ಳಬೇಕು! ಬ್ರೋಚ್ ಹತ್ತಿ ಎಂದು ಬ್ರಿಟಿಷರ ಕಾಲದಲ್ಲಿ ಹೆಸರಾಗಿದ್ದು ಈ ಭರೂಚಿನ ಹತ್ತಿಯೇ. ಹತ್ತಿ ಬಿಡಿಸಿಯಾದ ಮೇಲೆ ಹೊಲದಲ್ಲಿ ನಿಂತಿರುವ ಒಣ ಗಿಡಕ್ಕೆ ಇಲ್ಲಿಯವರು ಸಾಂಠಿ ಎನ್ನುತ್ತಾರೆ. ಉತ್ತರ ಕರ್ನಾಟಕದವರ ಹತ್ತಿಕಟಗಿ. ಗುಜರಾತಿನಲ್ಲಿ ಈಚಿನ ವರ್ಷಗಳಲ್ಲಿ ಹತ್ತಿ ಬೆಳೆಯುವ ಭೂಮಿ 20 ಲಕ್ಷ ಹೆಕ್ಟೇರಿನ ಮೇಲಿದೆ. ಆದ್ದರಿಂದ ಕಟ್ಟಿಗೆಗೆ ಬರವಿಲ್ಲ. ಬರವಿರುವುದು ಅದನ್ನು ಕಿತ್ತು, ಒಟ್ಟುಮಾಡಿ, ಸಾಗಿಸುವುದಕ್ಕೆ. ಒಂದು ಟ್ರ್ಯಾಕ್ಟರ್ ತುಂಬ ಸಾಂಠಿ ಹೇರಿದರೂ ತೂಕ ಅಷ್ಟಕ್ಕಷ್ಟೇ, ಹೇರಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿ! ಹೊಲದ ಹತ್ತಿರದಲ್ಲೇ ಪುಡಿಮಾಡಿ ಒತ್ತಿದರೆ ಮಾತ್ರ ಲಾರಿಯ ಬಾಡಿಗೆ ಗಿಟ್ಟುತ್ತದೆ.

ರೈತನಿಗೂ ಇದರಿಂದ ಇನ್ನೊಂದು ಪ್ರಯೋಜನವಿದೆ. ಗುಲಾಬಿ ಕಾಯಿಕೊರಕ ಹುಳು ಹತ್ತಿಯ ದೊಡ್ಡ ಶತ್ರು. ಒಣಗಿಡದಲ್ಲಿ ಉಳಿದ ಕಾಯಿಗಳಲ್ಲಿ ಅಡಗಿದ್ದು ಮುಂದಿನ ಬೆಳೆಗೆ ಹಾರುತ್ತದೆ. ಗಿಡವನ್ನು ಬೇಗ ಕಿತ್ತು ಹೊಲದಿಂದ ಸಾಗಿಸಿ ಎಂದು ಕೃಷಿ ತಜ್ಞರು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದಾರೆ. ಕೊಳ್ಳುವವನಿದ್ದರೆ ರೈತ ಬೇಗ ಕೀಳುತ್ತಾನೆ. ಇಲ್ಲದಿದ್ದರೆ ಗಡಿಯಾರ ನೋಡದೆ ಕಡ್ಡಿ ಗೀರುತ್ತಾನೆ.

ಪಾಲೇಜ್ ಹತ್ತಿರ ಒಂದು ಹಳ್ಳಿಯ ಅಂಚಿನಲ್ಲಿ ಮನೆಗಳ ಎತ್ತರಕ್ಕೆ ಸಾಂಠಿ ರಾಶಿ ಹಾಕಿದ್ದರು. ಒಬ್ಬ ಹೆಂಗಸು ಅದರಿಂದ ಒಂದು ಹೊರೆ ಎಳೆದು ಒಳಗೆ ಒಯ್ಯುತ್ತಿದ್ದಳು. ನನ್ನ ಗುಜರಾತಿ ನಿಮ್ಮಷ್ಟು ಚೆನ್ನಾಗಿಲ್ಲ, ಆದರೂ ಕೇಳಿದೆ. ಗ್ಯಾಸು ಇದೆ, ಚಹಾಕ್ಕೆ ಹಚ್ಚುತ್ತೇವೆ, ರೊಟ್ಲಾ ಮತ್ತು ಸ್ನಾನದ ನೀರು ಇದರಲ್ಲೇ ಎಂದಳು. ಕಂಪನಿಯವರು ಬಂದು ಕೊಂಡರೆ ಕೊಡುತ್ತೀರಾ ಎಂದೆ. ಹೊಲದ ಯಜಮಾನ ಕೊಟ್ಟೇ ಬಿಡುತ್ತಾನೆ, ದುಡ್ಡು ಅವನಿಗೆ, ನಮಗೆ ಈಗ ಕಿತ್ತ ಕೂಲಿಯ ಜೊತೆ ಸೌದೆ ಬಿಟ್ಟಿ ಸಿಗುತ್ತದೆ, ಆಮೇಲೆ ಅದೂ ಇಲ್ಲ ಎಂಬುದು ಅವಳ ಉತ್ತರದ ಸಾರಾಂಶ. ಅವಳು ಕೋಪದಿಂದ ಹೇಳಲಿಲ್ಲ, ತರಕಾರಿಯ ದರ ಹೇಳಿದಂತೆ ಹೇಳಿದಳು.

ಓದುಗರೇ, ದೆಹಲಿಯ ಆದೇಶಗಳಲ್ಲಿ 'ಕೃಷಿ ತ್ಯಾಜ್ಯ' ಎಂಬ ಶಬ್ದ ಮತ್ತೆ ಮತ್ತೆ ಬರುತ್ತದೆ. ಯಾರಿಗೆ ತ್ಯಾಜ್ಯ? ಆ ಹೆಂಗಸಿಗೆ ಅದು ತ್ಯಾಜ್ಯವಲ್ಲ, ಅಡುಗೆ. ಪಂಜಾಬಿನ ಭತ್ತದ ಹುಲ್ಲಿನ ಮಾತು ಬೇರೆ, ಅದು ಒಲೆಗೆ ಬಾರದು, ನಿಜವಾಗಿಯೂ ಸುಟ್ಟು ಹಾಳಾಗುತ್ತಿದೆ. ಹತ್ತಿಕಟ್ಟಿಗೆಯನ್ನು ಸುಡುವ ಹೊಲಗಳೂ ಬೇಕಾದಷ್ಟಿವೆ. ಅಲ್ಲಿಂದ ತರಲಿ, ಸಂತೋಷ. ಆದರೆ ಒಲೆಯಿಂದ ಕಸಿದು ಬಾಯ್ಲರಿಗೆ ಹಾಕಿದರೆ ಆ ಒಲೆಗೆ ಅವಳು ಮುಳ್ಳುಗಿಡವನ್ನೋ ಮರವನ್ನೋ ಕಡಿದು ತರಬೇಕು. ಆಗ ನಮ್ಮ ಅರ್ಧ ಮೂಟೆಯ ಉಳಿತಾಯ ಎಲ್ಲಿ ಉಳಿಯಿತು? ಕೂಲಿಯವಳಿಗೂ ಅದರ ಬೆಲೆಯಲ್ಲಿ ಪಾಲು ಸಿಕ್ಕು, ಸಿಲಿಂಡರ್ ತುಂಬಿಸಲು ಸಾಕಾದರೆ ಹೊಗೆಯಿಂದ ಅವಳ ಕಣ್ಣೂ ಉಳಿದೀತು. ಇದನ್ನು ಇಂಜಿನಿಯರಿಂಗ್ ಪುಸ್ತಕ ಹೇಳುವುದಿಲ್ಲ.

ನಮ್ಮ ನಾಡಿನಲ್ಲಿ ಇದನ್ನು ಯೋಚಿಸಿದ ವಿಜ್ಞಾನಿಗಳಿದ್ದರು ಎಂಬುದನ್ನು ನೀವು ತಿಳಿದಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಆರಂಭಿಸಿದರು. ಕಡಿಮೆ ಸೌದೆ, ಕಡಿಮೆ ಹೊಗೆಯ 'ಅಸ್ತ್ರ ಒಲೆ' ಅಲ್ಲಿಯದೇ. ನಿಮ್ಮ ಅಜ್ಜಿಯರಲ್ಲಿ ಕೆಲವರು ಅದರಲ್ಲಿ ಅಡುಗೆ ಮಾಡಿದ್ದಾರು. ತುಮಕೂರು ಜಿಲ್ಲೆಯ ಹೊಸಹಳ್ಳಿ ಎಂಬ ಪುಟ್ಟ ಊರಿಗೆ 1988ರಲ್ಲಿ ಕಟ್ಟಿಗೆಯನ್ನು ಅನಿಲವಾಗಿಸಿ ವಿದ್ಯುತ್ ಕೊಟ್ಟವರೂ ಅವರೇ. ಕಟ್ಟಿಗೆಯೂ ಊರಿನದು, ದೀಪವೂ ಊರಿನದು. ಈಗ ಕಾನಮ್ ಸೀಮೆಯ ಕಟ್ಟಿಗೆ ನಗರದ ದೀಪಕ್ಕೆ ಬರಬೇಕಾಗಿರುವಾಗ ಆ ಹೋಲಿಕೆ ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಸೂರತ್ ಎಂದರೆ ನಿಮಗೆ ಸೀರೆ, ವಜ್ರ, ಘಾರಿ. ನಮ್ಮವರ ಹೋಟೆಲುಗಳೂ ಉಂಟು. ಪಾಂಡೇಸರಾ, ಸಚಿನ್ ಕಡೆ ಹೋದರೆ ಬಣ್ಣ ಹಾಕುವ ಗಿರಣಿಗಳ ಸಣ್ಣ ಸಣ್ಣ ಚಿಮಣಿಗಳ ಕಾಡು. ಸೀರೆಗೆ ಬಣ್ಣ ಕೂರಲು ಹಬೆ ಬೇಕು, ಹಬೆಗೆ ಬಾಯ್ಲರು, ಬಾಯ್ಲರಿಗೆ ಕಲ್ಲಿದ್ದಲು ಅಥವಾ ಲಿಗ್ನೈಟ್. ಆಗಲೇ ಹೇಳುತ್ತೇನೆ ಎಂದ ವ್ಯಾಪಾರ ಇಲ್ಲಿಯದು: ಶೇಂಗಾ ಸಿಪ್ಪೆ, ಹತ್ತಿಕಟ್ಟಿಗೆ, ಹರಳುಗಿಡದ ಕಡ್ಡಿ, ಮರದ ಹೊಟ್ಟು ಒತ್ತಿ ಮಾಡಿದ ದಪ್ಪ ಬ್ರಿಕೆಟ್ಟುಗಳು. ಗುಜರಾತಿಗಳು ಇದಕ್ಕೆ 'ವೈಟ್ ಕೋಲ್' ಎಂದು ಹೆಸರಿಟ್ಟಿದ್ದಾರೆ! ಹುರಿದು ಕಪ್ಪಾದ ಮೇಲೆ ಏನೆನ್ನುತ್ತಾರೋ ನೋಡಬೇಕು. ರಾಜಕೋಟದಲ್ಲಿ ಇದರ ಯಂತ್ರಗಳನ್ನೇ ಮಾಡುತ್ತಾರೆ. ಸಣ್ಣ ಬಾಯ್ಲರಿಗೆ ನುಣ್ಣನೆಯ ಪುಡಿ ಬೇಡ, ಹುರಿಯುವ ಖರ್ಚೂ ಬೇಡ. ಗಡ್ಡೆಯನ್ನೇ ಒಲೆಗೆ ದೂಡಿದರಾಯಿತು. ಆದ್ದರಿಂದ ಅವರು ಒಳ್ಳೆಯ ಬೆಲೆ ಕೊಟ್ಟು ಕೊಳ್ಳಬಲ್ಲರು. ವಿದ್ಯುತ್ ಕೇಂದ್ರದವರು ಗಣಿಯ ಕಲ್ಲಿದ್ದಲಿನ ದರಕ್ಕೆ ಹೋಲಿಸಿ ಬೆಲೆ ಕೇಳಿದರೆ ಮಾರುವವರು ಏಕೆ ಕೊಟ್ಟಾರು? ಶೇಕಡಾ 5 ಏಕೆ ಮುಟ್ಟಲಿಲ್ಲ ಎಂಬುದಕ್ಕೆ ಅರ್ಧ ಉತ್ತರ ಇದರಲ್ಲೇ ಇದೆ. ಇನ್ನು, ಸೂರತ್ತಿನ ಬಾಯ್ಲರಿನಿಂದ ಕಿತ್ತು ಉಕಾಯಿಯ ಬಾಯ್ಲರಿಗೆ ಹಾಕಿದರೆ, ಸೂರತ್ತಿನವರು ಮತ್ತೆ ಕಲ್ಲಿದ್ದಲಿಗೆ ಹೋಗುತ್ತಾರೆ. ಆಕಾಶಕ್ಕೆ ಎರಡೂ ಒಂದೇ.

ಅಂದ ಹಾಗೆ, 2019ರಲ್ಲಿ ಜಗತ್ತಿನಲ್ಲೇ ಮೊದಲ ಬಾರಿಗೆ ಚಿಮಣಿಯ ದೂಳಿನ ಕಣಗಳಿಗೆ ಒಂದು ಮಾರುಕಟ್ಟೆ ಆರಂಭವಾದದ್ದು ಇದೇ ಸೂರತ್ತಿನಲ್ಲಿ. ಒಟ್ಟು ದೂಳಿಗೆ ಮಿತಿ ಹಾಕಿ, ಕಡಿಮೆ ಬಿಟ್ಟವರು ಹೆಚ್ಚು ಬಿಟ್ಟವರಿಗೆ ಪರವಾನಗಿ ಮಾರಬಹುದೆಂದರು. ದೂಳು ಶೇಕಡಾ 20ರಿಂದ 30ರಷ್ಟು ಇಳಿಯಿತೆಂದು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು ಹೇಳುತ್ತಾರೆ. ಅದು ದೂಳಿನ ಲೆಕ್ಕ, ಇಂಗಾಲದ್ದಲ್ಲ. ಆದರೂ ಸೂರತ್ತಿನವರು ಯಾವುದನ್ನೂ ವ್ಯಾಪಾರ ಮಾಡಬಲ್ಲರು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಸೂರತ್ತಿನಿಂದ ಪೂರ್ವಕ್ಕೆ ಬಾರ್ಡೋಲಿ. 1928ರ ಸತ್ಯಾಗ್ರಹದ ಊರು, ಈಗ ಕಬ್ಬಿನ ಊರು. ಕಬ್ಬಿನ ಸಿಪ್ಪೆಯನ್ನು ಸಕ್ಕರೆ ಕಾರ್ಖಾನೆಯವರೇ ತಮ್ಮ ಬಾಯ್ಲರಿನಲ್ಲಿ ಸುಟ್ಟುಕೊಳ್ಳುತ್ತಾರೆ, ಅದು ಯಾರಿಗೂ ಸಿಗುವುದಿಲ್ಲ. ಹೊಲದಲ್ಲಿ ಉಳಿಯುವ ರವದಿಗೆ ಹಲವೆಡೆ ಬೆಂಕಿಯಿಡುತ್ತಾರೆ. ಇದು ನಿಜವಾದ ತ್ಯಾಜ್ಯ, ಮಂಡ್ಯ ಬೆಳಗಾವಿಯ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಮುಂದೆ ವ್ಯಾರಾ, ಆಮೇಲೆ ಸೋನ್‌ಗಢ, ಉಕಾಯಿ. ತಾಪಿ ನದಿಗೆ 1972ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, ಅದರ ಕೆಳಗೆ ಜಲವಿದ್ಯುತ್, ಪಕ್ಕದಲ್ಲೇ 1976ರಿಂದ ಕಲ್ಲಿದ್ದಲಿನ ಕೇಂದ್ರ. ಅಲ್ಲಿಂದ ಹೆಚ್ಚು ದೂರವಿಲ್ಲದ ಕಾಕ್ರಾಪಾರದಲ್ಲಿ ಅಣುವಿದ್ಯುತ್. ನೀರು, ಕಲ್ಲಿದ್ದಲು, ಅಣು ಮೂರನ್ನೂ ಒಂದೇ ದಿನದಲ್ಲಿ ನೋಡಬಹುದಾದ ಇಂಥ ಜಾಗ ಇನ್ನೊಂದು ಸುಲಭವಾಗಿ ಸಿಗಲಾರದು.

ಉಕಾಯಿಯ ಹಳೆಯ 120 ಮೆಗಾವ್ಯಾಟಿನ ಎರಡು ಘಟಕಗಳು ನಿವೃತ್ತಿಯಾದವು. ಉಳಿದವು ಒಟ್ಟು 1,110 ಮೆಗಾವ್ಯಾಟ್. ಕಲ್ಲಿದ್ದಲು ಭುಸಾವಳದ ಮಾರ್ಗವಾಗಿ ಛತ್ತೀಸ್‌ಗಢದಿಂದ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ ಬರುತ್ತದೆ. ನಾವು ರಸ್ತೆಯ ಬದಿಯಲ್ಲಿ ನಿಂತಾಗ ಗೂಡ್ಸ್ ಗಾಡಿ ಹಾದುಹೋಗುತ್ತಿತ್ತು. ಐವತ್ತೆಂಟು ಡಬ್ಬಿ ಎಣಿಸಿದೆ. ಅದರ ಲೆಕ್ಕದಲ್ಲಿ ಶೇಕಡಾ 5 ಎಂದರೆ ಮೂರು ಡಬ್ಬಿ. ಆ ಮೂರು ಡಬ್ಬಿ ಅಷ್ಟು ದೂರದಿಂದ ಬರಬೇಕಾಗಿಲ್ಲ, ಬಾರ್ಡೋಲಿಯ ರವದಿಯಿಂದ, ಕಾನಮ್ಮಿನ ಸಾಂಠಿಯಿಂದ ತುಂಬಬಹುದು. ಹುರಿಯುವ ಉರುಳೆಗಳು ಹಳ್ಳಿಗಳ ನಡುವೆ ನಿಲ್ಲಬೇಕು, ಕೂಲಿಯವರ ಪಾಲು ಬೆಲೆಯಲ್ಲಿ ಸೇರಬೇಕು, ಸೂರತ್ತಿನವರ ಜೊತೆ ಜಗಳವಾಗಬಾರದು. ಅಕ್ಕನ ಮಗ ಹೇಳುವ ಪ್ರಕಾರ ಇವುಗಳಲ್ಲಿ ಸುಲಭವಾದದ್ದು ಉರುಳೆಯೊಂದೇ.

ನೀವು ಹೋಗುವುದಾದರೆ ಫೆಬ್ರವರಿ ಕೊನೆಯಿಂದ ಮಾರ್ಚ್ ಒಳಗೆ ಹೋಗಿ. ಸಾಂಠಿ ಕಿತ್ತು ರಾಶಿ ಹಾಕಿರುವುದು, ಕಬ್ಬಿನ ಗಾಡಿಗಳು, ಸಂಜೆ ಹೊಲದ ಬೆಂಕಿ ಎಲ್ಲ ಆಗಲೇ ಕಾಣುವುದು. ಮಳೆಗಾಲದಲ್ಲಿ ಬರೀ ಹಸಿರು. ಹಗಲಿನ ಗಾಡಿಯನ್ನೇ ಹಿಡಿಯಿರಿ, ಕರ್ಜಣ್ ದಾಟಿದ ಮೇಲೆ ಮಲಗಬೇಡಿ. ಸೂರತ್ತಿನಿಂದ ಉಕಾಯಿಗೆ ಬಸ್ಸಿಗಿಂತ ಸೋನ್‌ಗಢದ ಕಡೆ ಹೋಗುವ ರೈಲೇ ವಾಸಿ, ಅದು ಕಲ್ಲಿದ್ದಲು ಬರುವ ಹಳಿಯೇ. ಬುತ್ತಿಗೆ ಚಿತ್ರಾನ್ನ ಕಟ್ಟಿಕೊಳ್ಳಿ, ಸೋನ್‌ಗಢದಲ್ಲಿ ಊಟ ಅಷ್ಟಕ್ಕಷ್ಟೇ.